ಇಂದಿನ ಧಮ್ಮ ಚಿಂತನ: ತೃಷ್ಣೆ ಬೇರೆ, ಛಂದ ಬೇರೆ





"ಛಂದ" ಎಂಬ ಮಾತು ನಮ್ಮ ಗಡಿಭಾಗದವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಕನ್ನಡದಲ್ಲಿ "ಭಾಳ ಛಂದ ಐತಿ" ಅಂದರೆ ಅದು ಚೆಲುವು. ಮರಾಠಿಯಲ್ಲಿ ಒಬ್ಬನಿಗೆ ಹಾಡಿನ ಛಂದ ಇದೆ ಅಂದರೆ ಅದು ಹವ್ಯಾಸ, ಹಚ್ಚಿಕೊಂಡ ಗೀಳು. ಶಾಲೆಯಲ್ಲಿ ನಾನು ಮಕ್ಕಳಿಗೆ ಲಘು-ಗುರು ಹಾಕಿಸುವಾಗ ಅದೇ ಮಾತು ಛಂದಸ್ಸಾಗುತ್ತದೆ, ಪದ್ಯದ ನಡಿಗೆಯಾಗುತ್ತದೆ. ಪಾಲಿಯಲ್ಲಿಯೂ ಈ ಮಾತಿದೆ. ಅಲ್ಲಿ ಛಂದ ಅಂದರೆ ಇಚ್ಛೆ, ಒಂದು ಕೆಲಸವನ್ನು ಮಾಡಿಯೇ ತೀರಬೇಕೆಂಬ ಮನಸ್ಸು.

ಇಲ್ಲೊಂದು ತೊಡಕು ಹುಟ್ಟುತ್ತದೆ. ದುಃಖಕ್ಕೆ ಮೂಲ ತೃಷ್ಣೆ ಎಂದು ನಾವು ಕಲಿತಿದ್ದೇವೆ. ಹಾಗಾದರೆ ಏನನ್ನಾದರೂ ಬಯಸುವುದೇ ತಪ್ಪೇ? ಹಳ್ಳಿಯ ಹುಡುಗನೊಬ್ಬ "ನಾ ಒಂದ ಸಿನಿಮಾ ಮಾಡ್ತೀನಿ" ಅಂದರೆ ಅದು ತೃಷ್ಣೆಯೋ, ಛಂದವೋ? ಕಳೆದ ರವಿವಾರ ನಮ್ಮ ಅಧ್ಯಯನ ಬಳಗದಲ್ಲಿ ಎದ್ದ ಪ್ರಶ್ನೆ ಇದು. ಅಂದು ಬರಲಾಗದವರಿಗಾಗಿ, ನಡೆದ ಮಾತನ್ನೂ ನನಗೆ ತೋಚಿದ್ದನ್ನೂ ಕೂಡಿಸಿ ಇಂದು ಬರೆಯುತ್ತಿದ್ದೇನೆ.

*ಬ್ರಾಹ್ಮಣನ ಪ್ರಶ್ನೆ, ಆನಂದರ ಉತ್ತರ*

ಇದೇ ಪ್ರಶ್ನೆಯನ್ನು ಹಿಂದೆಯೇ ಒಬ್ಬರು ಕೇಳಿದ್ದರು. ಸಂಯುತ್ತ ನಿಕಾಯದಲ್ಲಿ ಅದರ ಪ್ರಸಂಗವಿದೆ. ಕೋಸಂಬಿಯ ಘೋಸಿತಾರಾಮದಲ್ಲಿ ಆನಂದರು ಇದ್ದಾಗ ಉಣ್ಣಾಭನೆಂಬ ಬ್ರಾಹ್ಮಣ ಅಲ್ಲಿಗೆ ಬಂದ. ನಿಮ್ಮ ಶ್ರಮಣ ಗೌತಮರ ಮಾರ್ಗ ಏತಕ್ಕಾಗಿ ಎಂದು ಕೇಳಿದ. ಇಚ್ಛೆಯನ್ನು ಬಿಡುವುದಕ್ಕಾಗಿ ಎಂದರು ಆನಂದರು. ಬಿಡುವುದು ಹೇಗೆ ಎಂದ. ನಾಲ್ಕು ಇದ್ಧಿಪಾದಗಳಿಂದ ಎಂದು ಹೇಳಿ, ಮೊದಲನೆಯದಾಗಿ ಛಂದವನ್ನೇ ಹೆಸರಿಸಿದರು. ಬ್ರಾಹ್ಮಣ ಅಲ್ಲಿಯೇ ಹಿಡಿದುಕೊಂಡ: ಇಚ್ಛೆಯಿಂದ ಇಚ್ಛೆಯನ್ನು ಬಿಡುವುದಾದರೆ ಅದಕ್ಕೆ ಕೊನೆ ಎಲ್ಲಿ?

ಆನಂದರು ತಿರುಗಿ ಕೇಳಿದರು: ಈ ಆರಾಮಕ್ಕೆ ಬರಬೇಕೆಂಬ ಇಚ್ಛೆ ನಿನಗೆ ಮೊದಲು ಇತ್ತೋ ಇಲ್ಲವೋ? ಇತ್ತು. ಇಲ್ಲಿಗೆ ಬಂದು ಮುಟ್ಟಿದ ಮೇಲೆ ಆ ಇಚ್ಛೆ ಏನಾಯಿತು? ಶಮನವಾಯಿತು ಎಂದು ಅವನೇ ಒಪ್ಪಿಕೊಂಡ.

ಎರಡರ ಗುರುತು ಇಲ್ಲಿದೆ. ಛಂದಕ್ಕೆ ಒಂದು ಊರು ಇರುತ್ತದೆ, ಮುಟ್ಟಿದ ಮೇಲೆ ಅದು ಇಳಿಯುತ್ತದೆ. ತೃಷ್ಣೆಗೆ ಊರೇ ಇಲ್ಲ. ಎಲ್ಲಿ ಮುಟ್ಟಿದರೂ ಮುಂದಿನ ಊರು ಯಾವುದೆಂದು ಕೇಳುತ್ತಲೇ ಇರುತ್ತದೆ.

*ನಾವು ನೋಡಿದ ಸಾಕ್ಷ್ಯಚಿತ್ರ*

ಅಂದು ನೋಡಿದ್ದು "ಸೂಪರ್‌ಮೆನ್ ಆಫ್ ಮಾಲೇಗಾಂವ್" ಎಂಬ ಸಾಕ್ಷ್ಯಚಿತ್ರ. ಫೈಜಾ ಅಹ್ಮದ್ ಖಾನ್ ಎಂಬ ಮಹಿಳೆ 2008ರಲ್ಲಿ ಮಾಡಿದ್ದು, 2012ರಲ್ಲಿ ಚಿತ್ರಮಂದಿರಗಳಿಗೂ ಬಂತು. ವಿಹಾರದಲ್ಲಿ ಸಿನಿಮಾ ಹಾಕಬಹುದೇ ಎಂದು ಹಿರಿಯ ಉಪಾಸಕರೊಬ್ಬರು ಕೇಳಿದರು. ಕೇಳಬೇಕಾದ ಮಾತೇ. ಉಪೋಸಥದ ದಿನ ಅಷ್ಟಶೀಲ ಪಾಲಿಸುವಾಗ ನೃತ್ಯ, ಗೀತ, ನೋಟಗಳಿಂದ ದೂರ ಇರುತ್ತೇವೆ. ಅಂದು ಉಪೋಸಥ ಇರಲಿಲ್ಲ. ತ್ರಿಶರಣ-ಪಂಚಶೀಲ ಮುಗಿಸಿ, ಪಕ್ಕದ ಓದುವ ಕೋಣೆಯ ಗೋಡೆಗೆ ಬಿಳಿ ಧೋತರ ಕಟ್ಟಿ, ಚಹಾ ಕುಡಿಯುತ್ತ ಕೂತೆವು.

ಮಾಲೇಗಾಂವ್ ನಾಶಿಕ್ ಜಿಲ್ಲೆಯ ಊರು. ಪಾವರ್‌ಲೂಮ್‌ಗಳ ಊರು. ಕಾಗವಾಡ, ನಿಪ್ಪಾಣಿ ಕಡೆಯವರಿಗೆ ಇಚಲಕರಂಜಿ ಗೊತ್ತಿರುವುದರಿಂದ ಹೆಚ್ಚು ಹೇಳಬೇಕಿಲ್ಲ. ಅದೇ ಖಡಖಡ ಸದ್ದು, ಅದೇ ಹತ್ತಿಯ ಧೂಳು. ಊರ ನಡುವೆ ಮೌಸಮ್ ನದಿ, ಒಂದು ದಂಡೆಗೆ ಮುಸ್ಲಿಮರು, ಇನ್ನೊಂದು ದಂಡೆಗೆ ಹಿಂದೂಗಳು. ಊರು ಮತ್ತು ಕೇರಿಯ ನಡುವಿನ ಹಾದಿ ದಾಟಿ ಬೆಳೆದ ನಮಗೆ ಆ ನದಿಯನ್ನೂ ಯಾರೂ ವಿವರಿಸಬೇಕಿಲ್ಲ. 2006ರ ಬಾಂಬ್ ಸ್ಫೋಟದ ಸುದ್ದಿಯಿಂದಲೇ ಬಹಳ ಜನಕ್ಕೆ ಆ ಊರಿನ ಹೆಸರು ಪರಿಚಯ.

ಆ ಊರಿನಲ್ಲಿ ಶೇಖ್ ನಾಸಿರ್ ಎಂಬವರು ವಿಡಿಯೋ ಪಾರ್ಲರ್ ನಡೆಸುತ್ತಿದ್ದರು. ಯಾವ ಸಿನಿಮಾ ಶಾಲೆಯ ಮೆಟ್ಟಿಲನ್ನೂ ಹತ್ತಿದವರಲ್ಲ. ಜನರಿಗೆ ಸಿನಿಮಾ ತೋರಿಸುತ್ತ, ತಾವೂ ನೋಡುತ್ತ ಕಲಿತರು. ಮೊದಲು ಗೆಳೆಯರನ್ನು ಕಟ್ಟಿಕೊಂಡು "ಮಾಲೇಗಾಂವ್ ಕೆ ಶೋಲೆ" ಮಾಡಿದರು. ಆಮೇಲೆ ಒಂದು ಸೂಪರ್‌ಮ್ಯಾನ್ ಸಿನಿಮಾ ಮಾಡಲು ಹೊರಟರು. ಸಾಕ್ಷ್ಯಚಿತ್ರ ಹಿಡಿದಿರುವುದು ಈ ಎರಡನೆಯ ಸಾಹಸವನ್ನು. ಇವರ ಸೂಪರ್‌ಮ್ಯಾನ್ ಯಾರು? ಶಫೀಕ್ ಎಂಬ ಬಡಕಲು ಮೈಯ ಪಾವರ್‌ಲೂಮ್ ಕೆಲಸಗಾರ. ನೋಡುತ್ತ ನಮ್ಮ ಕೋಣೆಯಲ್ಲಿ ನಗು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಆ ನಗುವಿನೊಳಗೆ ಗೌರವವೂ ಬಂದು ಕೂಡಿತು.

*ನಾಲ್ಕು ಇದ್ಧಿಪಾದಗಳು*

ಇದ್ಧಿ ಅಂದಕೂಡಲೇ ಕೆಲವರು ನೀರಿನ ಮೇಲೆ ನಡೆಯುವ, ಗಾಳಿಯಲ್ಲಿ ಹಾರುವ ಪವಾಡ ಎನ್ನುತ್ತಾರೆ. ಬಾಬಾಸಾಹೇಬರು ನಮಗೆ ಕೊಟ್ಟ ಧಮ್ಮದಲ್ಲಿ ಪವಾಡಕ್ಕೆ ಜಾಗವಿಲ್ಲ. ಇದ್ಧಿ ಅಂದರೆ ಕೈಗೂಡುವುದು, ಇದ್ಧಿಪಾದ ಅಂದರೆ ಕೈಗೂಡಿಸುವ ಮೆಟ್ಟಿಲು. ಛಂದ, ವೀರಿಯ, ಚಿತ್ತ, ವೀಮಂಸಾ: ಈ ನಾಲ್ಕನ್ನೂ ಈ ಸಿನಿಮಾದಲ್ಲಿ ಬೆರಳಿಟ್ಟು ತೋರಿಸಬಹುದು.

1️⃣ *ಛಂದ.* ನಾಸಿರ್‌ಗೆ ಸಿನಿಮಾ ಮಾಡಬೇಕಿತ್ತು. ಅದಕ್ಕಾಗಿ ಮುಂಬೈಗೆ ಓಡಿಹೋಗಲಿಲ್ಲ. ತನ್ನ ಊರಲ್ಲಿ, ತನ್ನ ಜನರನ್ನಿಟ್ಟುಕೊಂಡು, ತನ್ನ ಜನರು ನೋಡಲೆಂದು ಮಾಡಿದರು.

2️⃣ *ವೀರಿಯ.* ಹಿಡಿದ ಕೆಲಸದಿಂದ ಹಿಂಜರಿಯದ ಪ್ರಯತ್ನ. ಹತ್ತು ಪಾರಮಿತೆಗಳಲ್ಲಿಯೂ ಇದು ಒಂದು. ಚಿತ್ರೀಕರಣದ ನಡುವೆ ಕ್ಯಾಮೆರಾ ನೀರಿಗೆ ಬೀಳುತ್ತದೆ. ದೊಡ್ಡ ಕಂಪನಿಗೆ ಅದು ಒಂದು ಸಾಮಾನು, ಇವರಿಗೆ ಅದೇ ಸರ್ವಸ್ವ. ಕೆಲಸ ನಿಂತಿತು, ಆದರೆ ಬಿಟ್ಟುಹೋಗಲಿಲ್ಲ. ಮತ್ತೆ ಎದ್ದರು.

3️⃣ *ಚಿತ್ತ.* ಒಂದೇ ಕಡೆ ನಿಲ್ಲಿಸಿದ ಮನಸ್ಸು. ಚಿತ್ರೀಕರಣದ ನಡುವೆಯೇ ಶಫೀಕ್‌ನ ಲಗ್ನ ಬರುತ್ತದೆ. ಹೊಟ್ಟೆಪಾಡಿನ ಕೆಲಸ ಇದ್ದೇ ಇದೆ. ಇವೆಲ್ಲ ಮುಗಿಸಿಕೊಂಡು ಎಲ್ಲರೂ ಮತ್ತೆ ಅದೇ ಕೆಲಸಕ್ಕೆ ಬಂದು ನಿಲ್ಲುತ್ತಾರೆ.

4️⃣ *ವೀಮಂಸಾ.* ಪರೀಕ್ಷಿಸಿ ನೋಡುವ ಬುದ್ಧಿ. ಮನುಷ್ಯ ಹಾರುವುದನ್ನು ತೋರಿಸುವುದು ಹೇಗೆ? ಹಸಿರು ಬಟ್ಟೆಯ ಮುಂದೆ ಹಾರುವಂತೆ ನಟಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಹಸಿರು ತೆಗೆದು ಆಕಾಶ ಕೂಡಿಸಬೇಕು. ಕ್ಯಾಮೆರಾ ಓಡಾಡಿಸಲು ರೈಲುಹಳಿ ಇಲ್ಲ, ಸೈಕಲ್ ಇದೆ. ಕ್ರೇನ್ ಇಲ್ಲ, ಎತ್ತಿನ ಗಾಡಿ ಇದೆ. ಮಾಡಿ ನೋಡಿದರು, ತಪ್ಪಿದರೆ ತಿದ್ದಿಕೊಂಡರು.

ಐದನೆಯದು ಒಂದಿದೆ, ಅದಿಲ್ಲದೆ ಈ ನಾಲ್ಕೂ ನಿಲ್ಲವು. ಅದು ಕಲ್ಯಾಣಮಿತ್ರರ ಸಂಗ. ಒಳ್ಳೆಯ ಗೆಳೆತನ ಧಮ್ಮಜೀವನದ ಅರ್ಧ ಪಾಲು ಎಂದು ಆನಂದರು ಅಂದಾಗ, ಹಾಗಲ್ಲ ಆನಂದ, ಅದು ಪೂರ್ತಿ ಪಾಲು ಎಂದು ಭಗವಾನರು ತಿದ್ದಿದ್ದು ನಿಮಗೆ ನೆನಪಿದೆ. ಮಾಲೇಗಾಂವ್‌ನಲ್ಲಿ ಹಣಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಗೆಳೆತನ.

*ತೃಷ್ಣೆ ಎಲ್ಲಿ ಇಣುಕುತ್ತದೆ*

ಅದೇ ಸಿನಿಮಾದಲ್ಲಿ ಕಥೆ ಬರೆಯುವ ಫರೋಗ್ ಜಾಫ್ರಿ ಎಂಬವರಿದ್ದಾರೆ. ಅವರಿಗೆ ಮುಂಬೈನ ಕನಸು. ತನ್ನ ಬರಹವನ್ನು ದೊಡ್ಡವರು ಗುರುತಿಸಬೇಕೆಂಬ ಹಂಬಲ. ಅವರು ಮಾತಾಡುವಾಗ ನಮ್ಮಲ್ಲಿ ಯಾರೂ ನಗಲಿಲ್ಲ. ಆ ಸಂಕಟ ನಮಗೆಲ್ಲ ಗೊತ್ತು. ಗುರುತಿಸಬೇಕಾದವರು ಗುರುತಿಸದೆ ಹೋಗುವ ನೋವು ನಮ್ಮ ಅಜ್ಜಂದಿರ ಕಾಲದಿಂದ ಬಂದ ಆಸ್ತಿ.

ಆದರೂ ಇಲ್ಲಿ ಸೂಕ್ಷ್ಮವಾಗಿ ನೋಡಬೇಕು. ಬರೆಯಬೇಕೆಂಬುದು ಛಂದ. ಇಂಥವರೇ ಮೆಚ್ಚಬೇಕೆಂಬುದು ತೃಷ್ಣೆ. ಒಂದೇ ಮನಸ್ಸಿನಲ್ಲಿ ಎರಡೂ ಒಂದರ ಮಗ್ಗುಲಿಗೆ ಒಂದು ಕೂತಿರುತ್ತವೆ, ಕಬ್ಬಿನ ಗದ್ದೆಯಲ್ಲಿ ಕಬ್ಬೂ ಕಸವೂ ಇರುವ ಹಾಗೆ. ಕಸ ಇದೆಯೆಂದು ಗದ್ದೆಗೇ ಬೆಂಕಿ ಇಡುವ ರೈತ ಇಲ್ಲ. ದಿನವೂ ಇಷ್ಟಿಷ್ಟು ಕಿತ್ತು ಹಾಕುತ್ತಾನೆ. ಸಾಧನೆ ಅಂದರೆ ಆ ಕಳೆ ಕೀಳುವ ಕೆಲಸ.

*ನಮ್ಮ ನಡುವಿನ ಮಾತು*

ಸಿನಿಮಾ ಮುಗಿದ ಮೇಲೆ ಉಪಾಸಕರೊಬ್ಬರು ಎದ್ದು ನಿಂತರು. ಅವರ ಮಗ ಬಿ.ಎ. ಮುಗಿಸಿ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಅವನಿಗೆ ತನ್ನ ಅಜ್ಜಿಯ ಬಗ್ಗೆ ಮೊಬೈಲಿನಲ್ಲಿಯೇ ಒಂದು ಸಣ್ಣ ಸಿನಿಮಾ ಮಾಡುವ ಮನಸ್ಸು. ಅಜ್ಜಿ ನಿಪ್ಪಾಣಿಯ ತಂಬಾಕು ವಖಾರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದವರು.

"ಸರ್, ನೀವರ ಹೇಳ್ರಿ ಅವಗ. ಇಂಥಾ ಸಿನಿಮಾ ತೋರಿಸಿದ್ರ ಇದ್ದ ಓದೂ ಬಿಡತಾನ. ನೌಕರಿ ಹತ್ತಲಿಲ್ಲಂದ್ರ ನಮ್ಮ ಮಂದೀನ್ನ ಯಾರ ಕೇಳ್ತಾರ?" ಅಂದರು.

ಮಗ ಮೂಲೆಯಲ್ಲಿ ಕೂತಿದ್ದ. "ಅಪ್ಪಾ, ಓದ ಬಿಡತೀನಿ ಅಂತ ನಾ ಯಾವಾಗ ಅಂದೆ? ಆಯಿಗಿ ಎಂಬತ್ತೆರಡ ಆತು. ಪರೀಕ್ಷಾ ವರ್ಷಾ ವರ್ಷಾ ಬರ್ತೈತಿ" ಅಂದ.

ಕೋಣೆ ಒಂದು ಕ್ಷಣ ಸುಮ್ಮನಾಯಿತು.

ತಂದೆಯ ಚಿಂತೆ ಸಣ್ಣದಲ್ಲ. ನಮ್ಮಲ್ಲಿ ಒಂದು ನೌಕರಿ ಅಂದರೆ ಒಂದು ಮನೆತನದ ಬಾಗಿಲು ತೆರೆದಂತೆ. ನಾನು ಶಿಕ್ಷಕನಾದದ್ದರಿಂದಲೇ ನನ್ನ ತಂಗಿಯರ ಓದು ಮುಂದುವರಿಯಿತು. ಆದ್ದರಿಂದ ಅವರಿಗೆ ನಾನು ಉಪದೇಶ ಮಾಡಲಿಲ್ಲ. ಬಾಬಾಸಾಹೇಬರ ಒಂದು ವರ್ಷವನ್ನು ನೆನಪಿಸಿದೆ, ಅಷ್ಟೇ.

1920ನೆಯ ಇಸವಿ. ಬಾಬಾಸಾಹೇಬರು ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಲಂಡನ್ನಿನ ಓದು ಅರ್ಧಕ್ಕೆ ನಿಂತಿತ್ತು, ಅದಕ್ಕೆ ಹಣ ಕೂಡಿಸುತ್ತಿದ್ದರು. ಅಂಥ ಹೊತ್ತಿನಲ್ಲಿ, ಜನವರಿ 31ರಂದು, "ಮೂಕನಾಯಕ" ಪತ್ರಿಕೆ ಹೊರಬಂತು. ಶಾಹೂ ಮಹಾರಾಜರು 2,500 ರೂಪಾಯಿ ನೆರವು ಕೊಟ್ಟಿದ್ದರು. ದುಡ್ಡು ಕೊಡುತ್ತೇವೆಂದರೂ "ಕೇಸರಿ" ಪತ್ರಿಕೆ ಅದರ ಜಾಹೀರಾತು ಹಾಕಲು ಒಪ್ಪಲಿಲ್ಲ. ಮಾರ್ಚ್‌ನಲ್ಲಿ ನಮ್ಮ ಪಕ್ಕದ ಕೊಲ್ಲಾಪುರ ಸೀಮೆಯ ಮಾಣಗಾಂವ್ ಪರಿಷತ್ತು ನಡೆಯಿತು. ಜುಲೈನಲ್ಲಿ ಓದು ಮುಗಿಸಲು ಲಂಡನ್ನಿಗೆ ಹಡಗು ಹತ್ತಿದರು. ನೌಕರಿ, ಪತ್ರಿಕೆ, ಓದು, ಮೂರೂ ಅದೇ ಒಂದು ವರ್ಷದಲ್ಲಿ. "ಮೂಕನಾಯಕ" ಕೆಲವು ವರ್ಷಗಳಲ್ಲಿ ನಿಂತುಹೋಯಿತು. 1927ರಲ್ಲಿ ಅವರು "ಬಹಿಷ್ಕೃತ ಭಾರತ" ಶುರು ಮಾಡಿದರು. ಬರೆಯುವವರು ಸಾಲದಾದಾಗ ಅಂಕಣಗಳನ್ನು ತಾವೇ ತುಂಬಿಸಿದರು. ನೀರಿಗೆ ಬಿದ್ದ ಕ್ಯಾಮೆರಾ ಎತ್ತಿಕೊಂಡು ಮತ್ತೆ ಕೆಲಸಕ್ಕೆ ನಿಂತವರನ್ನು ಕಂಡಾಗ ನನಗೆ ನೆನಪಾದದ್ದು ಇದು.

ಮಗನಿಗೂ ಒಂದು ಮಾತು ಹೇಳಿದೆ. ಸೋಣನೆಂಬ ಶ್ರೀಮಂತರ ಮನೆಯ ಭಿಕ್ಖು ಅತಿಯಾದ ಸಾಧನೆಯಿಂದ ಪಾದದಲ್ಲಿ ರಕ್ತ ಬರುವ ತನಕ ನಡೆದ. ಫಲ ಸಿಗದೆ, ಮನೆಗೇ ಮರಳಿಬಿಡೋಣ ಅನ್ನಿಸಿತು. ಅವನು ಮೊದಲು ವೀಣೆ ನುಡಿಸುತ್ತಿದ್ದವನು. ತಂತಿ ಬಹಳ ಬಿಗಿಯಾದರೆ ನಾದ ಬರುತ್ತದೆಯೇ, ಬಹಳ ಸಡಿಲಾದರೆ ಬರುತ್ತದೆಯೇ ಎಂದು ಭಗವಾನರು ಕೇಳಿದರು. ತಂತಿಯನ್ನು ಹದಕ್ಕೆ ತರುವುದು ವೀಣೆ ನುಡಿಸುವವನ ಕೈಯಲ್ಲೇ ಇದೆ. ಬೆಳಿಗ್ಗೆ ಗ್ರಂಥಾಲಯದಲ್ಲಿ ಓದಿ, ರವಿವಾರ ಅಜ್ಜಿಯ ಮುಂದೆ ಕೂಡುವುದೂ ಒಂದು ಹದ.

*ಯಾರ ಮುಖ ಗೋಡೆಯ ಮೇಲಿದೆ?*

ಮಾಲೇಗಾಂವ್‌ನ ಸಿನಿಮಾ ಮೆಚ್ಚುತ್ತಲೇ ಒಂದು ಕೊರತೆಯನ್ನೂ ಹೇಳಬೇಕು. ಆ ಊರಿನ ಹೆಣ್ಣುಮಕ್ಕಳು ನಾಸಿರ್‌ನ ಸಿನಿಮಾದಲ್ಲಿ ಪಾತ್ರ ಮಾಡುವುದಿಲ್ಲ. ನಟಿಯನ್ನು ಹೊರಗಿನಿಂದ ಕರೆಸಬೇಕಾಗುತ್ತದೆ. ನಮ್ಮ ಬಳಗದ ಉಪಾಸಿಕೆಯರು ಅದನ್ನು ತಕ್ಷಣ ಗಮನಿಸಿದರು. "ಅಲ್ಲಿ ಹೆಂಗಸರ ಇಲ್ಲೇನ್ರಿ?" ಎಂದು ಒಬ್ಬರು ಕೇಳಿಯೇಬಿಟ್ಟರು.

ಅದಕ್ಕೆ ಉತ್ತರ ನಮ್ಮ ನಿಪ್ಪಾಣಿಯಲ್ಲಿಯೇ ಇದೆ. 1980ರಲ್ಲಿ ದೀಪಾ ಧನರಾಜ್ ಮತ್ತು ಅವರ ಸಂಗಡಿಗರು "ಯುಗಾಂತರ್" ಎಂಬ ಚಿತ್ರತಂಡ ಕಟ್ಟಿದರು. ಅವರೂ ಆಗ ಹೊಸಬರು, ಹಿಂದೆ ದೊಡ್ಡ ಬಂಡವಾಳ ಇರಲಿಲ್ಲ. 1982ರಲ್ಲಿ ಅವರು ನಿಪ್ಪಾಣಿಯ ತಂಬಾಕು ಕೆಲಸದ ಹೆಂಗಸರ ಜೊತೆ ಸೇರಿ "ತಂಬಾಕು ಚಾಕಿಲಾ ಊಬ್ ಆಲಿ" ಎಂಬ ಸುಮಾರು 25 ನಿಮಿಷದ ಚಿತ್ರ ಮಾಡಿದರು. ಧೂಳಿನಲ್ಲಿ ಕೂತು ದುಡಿದು, ಸಂಘ ಕಟ್ಟಿ, ಮುಷ್ಕರ ಹೂಡಿದ ಹೆಂಗಸರೇ ಅದರಲ್ಲಿ ಮಾತಾಡುತ್ತಾರೆ.

ನನ್ನ ಅವ್ವನೂ ಒಂದು ವಖಾರಿಯಲ್ಲಿ ದುಡಿದವಳು. ಸಂಜೆ ಮನೆಗೆ ಬಂದರೆ ಸೀರೆಗೆ, ತಲೆಗೂದಲಿಗೆ, ಬುತ್ತಿಗಂಟಿಗೆ ಅದೇ ಘಾಟು. ಎಷ್ಟು ತೊಳೆದರೂ ಬೆರಳಿನ ಕಂದು ಬಣ್ಣ ಹೋಗುತ್ತಿರಲಿಲ್ಲ. ಅವಳು ತೀರಿಕೊಂಡ ಮೇಲೆ ಪುಣ್ಯಾನುಮೋದನೆಯ ದಿನ ಇಡಲು ಒಂದು ಫೋಟೋ ಹುಡುಕಿದೆವು. ಸಿಕ್ಕಿದ್ದು ಮತದಾರರ ಗುರುತಿನ ಚೀಟಿಯದು, ಹೆಬ್ಬೆರಳಿನ ಉಗುರಿನಷ್ಟು. ಅದನ್ನೇ ದೊಡ್ಡದು ಮಾಡಿಸಿದೆವು. ಮುಖ ಮಸುಕಾಯಿತು. ಕೈಗಳಂತೂ ಎಲ್ಲಿಯೂ ಇಲ್ಲ.

ಬಾಬಾಸಾಹೇಬರು 1925ರ ಏಪ್ರಿಲ್‌ನಲ್ಲಿ ಬಹಿಷ್ಕೃತರ ಪರಿಷತ್ತಿಗೆ ನಿಪ್ಪಾಣಿಗೆ ಬಂದರು. ಅದರ ನೂರು ವರ್ಷವನ್ನು ನಾವೆಲ್ಲ ನೆನೆದೆವು. ಅಂದು ಆ ಸಭೆಯಲ್ಲಿ ನೆಲದ ಮೇಲೆ ಕೂತು ಕೇಳಿದ ನಮ್ಮ ಮುತ್ತಜ್ಜ-ಮುತ್ತಜ್ಜಿಯರ ಮುಖ ನಮ್ಮ ಯಾವ ಮನೆಯ ಗೋಡೆಯ ಮೇಲಿದೆ? ಸರಕಾರಕ್ಕೆ ಬೇಕಾದಾಗ ನಮ್ಮ ಫೋಟೋ ತೆಗೆಯುತ್ತಾರೆ. ನಮಗೆ ಬೇಕೆಂದು, ನಮ್ಮ ಕೈಯಿಂದ, ನಮ್ಮವರ ಮುಖ ತೆಗೆದಿಟ್ಟಿದ್ದು ಬಹಳ ಕಡಿಮೆ. ಆ ಹುಡುಗ ಮಾಡಹೊರಟಿರುವುದು ಆ ಕೆಲಸ. ಅದನ್ನು ಹುಚ್ಚು ಅನ್ನುವ ಮೊದಲು ನಾವು ನೂರು ಸಲ ಯೋಚಿಸಬೇಕು.

*ಅನಿತ್ಯ*

ಮಾಲೇಗಾಂವ್‌ನ ಸೂಪರ್‌ಮ್ಯಾನ್ ಶಫೀಕ್ ಇಂದು ಇಲ್ಲ. ಸಣ್ಣ ವಯಸ್ಸಿನಲ್ಲಿಯೇ ಕ್ಯಾನ್ಸರ್‌ನಿಂದ ತೀರಿಕೊಂಡರು. ಇವರ ಕಥೆಯನ್ನೇ ಇಟ್ಟುಕೊಂಡು 2025ರಲ್ಲಿ "ಸೂಪರ್‌ಬಾಯ್ಸ್ ಆಫ್ ಮಾಲೇಗಾಂವ್" ಎಂಬ ದೊಡ್ಡ ಹಿಂದಿ ಸಿನಿಮಾ ಬಂತು. ಆದರೆ ನಿಜವಾದ ಶಫೀಕ್ ನಾಚುತ್ತ, ನಗುತ್ತ, ಸೂಪರ್‌ಮ್ಯಾನ್ ಅಂಗಿ ತೊಟ್ಟು ನಿಂತಿರುವುದು 2008ರ ಸಾಕ್ಷ್ಯಚಿತ್ರದಲ್ಲಿ. ಗೆಳೆಯರು ಮುಂದಿನ ವರ್ಷ ನೋಡೋಣ ಅಂದಿದ್ದರೆ ಆ ನಗು ಯಾರಿಗೂ ಸಿಗುತ್ತಿರಲಿಲ್ಲ.

ಅನಿತ್ಯವೆಂದರೆ ಏನೂ ಮಾಡದೆ ಕೈಕಟ್ಟಿ ಕೂಡುವುದು ಎಂದು ಕೆಲವರು ತಿಳಿಯುತ್ತಾರೆ. ಪರಿನಿಬ್ಬಾನದ ಹೊತ್ತಿಗೆ ಭಗವಾನರು ಅನಿತ್ಯವನ್ನೂ ಅಪ್ರಮಾದವನ್ನೂ ಒಟ್ಟಿಗೇ ಬೋಧಿಸಿದರು. ಎಲ್ಲವೂ ಅಳಿಯುತ್ತದೆ, ಆದ್ದರಿಂದಲೇ ಎಚ್ಚರದಿಂದ ಮಾಡಬೇಕಾದ್ದನ್ನು ಮಾಡಬೇಕು. ಅಜ್ಜಿಗೆ ಎಂಬತ್ತೆರಡಾಯಿತು ಎಂದ ಹುಡುಗನಿಗೆ ಈ ಪಾಠ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೊನೆಗೆ ಬಳಗ ಒಂದು ಮಾತಿಗೆ ಬಂತು. ಅವನು ಅಧಿಟ್ಠಾನ ಮಾಡಲಿ, ಅಂದರೆ ಗಟ್ಟಿ ನಿರ್ಧಾರ: ಬರುವ ಬುದ್ಧ ಪೂರ್ಣಿಮೆಯೊಳಗೆ ಹತ್ತು ನಿಮಿಷದ ಒಂದು ಚಿತ್ರ. ಓದು ಬಿಡಬಾರದು, ಸಾಲ ಮಾಡಬಾರದು. ಮುಗಿದ ಮೇಲೆ ಮೊದಲು ತೋರಿಸುವುದು ನಮ್ಮ ಕೇರಿಯಲ್ಲಿ, ಅಜ್ಜಿಯನ್ನು ಮುಂದೆ ಕೂಡಿಸಿಕೊಂಡು. ಆನಂದರು ಹೇಳಿದ ಹಾಗೆ ಅವನ ಛಂದಕ್ಕೆ ಈಗ ಒಂದು ಊರು ಇದೆ. ಒಬ್ಬರು ಮೊಬೈಲ್ ನಿಲ್ಲಿಸುವ ಸ್ಟ್ಯಾಂಡ್ ಕೊಡುತ್ತೇನೆಂದರು. ಉಪಾಸಿಕೆಯರಿಬ್ಬರು ಅಜ್ಜಿಯ ಜೊತೆ ಕೂತು ಮಾತಿಗೆಳೆಯುತ್ತೇವೆಂದರು. ತಂದೆ "ನೋಡೂಣ್ರಿ" ಎಂದಷ್ಟೇ ಹೇಳಿ ಎದ್ದರು. ಪೂರ್ತಿ ಒಪ್ಪಿಲ್ಲ, ಅದು ಅವರ ಹಕ್ಕು.

ಮರುದಿನ ಹುಡುಗ ಫೋನ್ ಮಾಡಿದ್ದ. ವಿಷಯ ಕೇಳಿ ಅಜ್ಜಿ ಅಂದದ್ದು ಇಷ್ಟು: "ನಂದೇನ ನೋಡ್ತಾರೋ ತಮ್ಮಾ? ತಗೀದಿದ್ರ ವಖಾರಿ ಬಾಗಲಾ ತಗಿ. ಒಳಗ ಹೋದ ಮಂದಿ ಎಲ್ಲಾ ಸತ್ತಾರ, ಬಾಗಲಾ ಇನ್ನೂ ಐತಿ."

ಆ ಹುಡುಗನ ಮೊದಲ ದೃಶ್ಯ ಯಾವುದೆಂದು ಅಜ್ಜಿಯೇ ಹೇಳಿಕೊಟ್ಟಿದ್ದಾರೆ.

*ಇಂದಿನ ಸಾಧನೆ*

ಇಂದು ರಾತ್ರಿ ಮಲಗುವ ಮೊದಲು ಐದು ನಿಮಿಷ ಆನಾಪಾನದಲ್ಲಿ ಕೂತು, ಆಮೇಲೆ ಈ ಮೂರು ಪ್ರಶ್ನೆ ಕೇಳಿಕೊಳ್ಳೋಣ:

🔹 ನಾನು ಬಹಳ ದಿನದಿಂದ ಮಾಡಬೇಕೆಂದಿರುವ ಒಂದು ಒಳ್ಳೆಯ ಕೆಲಸ ಯಾವುದು?
🔹 ಯಾರೂ ಹೊಗಳದಿದ್ದರೂ ಅದನ್ನು ಮಾಡುತ್ತೇನೆಯೇ? ಹೌದಾದರೆ ಅದು ಛಂದ. ನಾಳೆಯೇ ಶುರು ಮಾಡೋಣ.
🔹 ನನ್ನ ಮನೆಯ, ನನ್ನ ಕೇರಿಯ ಯಾವ ಮಗುವಿನ ಛಂದವನ್ನು ನಾನು ಹುಚ್ಚೆಂದು ಕರೆಯುತ್ತಿದ್ದೇನೆ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಬಳಗದವರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ, ಈ ವಾರ ಅವರ ಕೈಗಳದೂ ಮುಖದ್ದೂ ಒಂದು ಫೋಟೋ ತೆಗೆದು, ಹೆಸರು, ಊರು, ಮಾಡಿದ ಕೆಲಸ ಬರೆದಿಡಿ. ಗುಂಪಿಗೆ ಕಳಿಸಬೇಕೆಂದಿಲ್ಲ. ಮನೆಯಲ್ಲಿ ಇದ್ದರೆ ಸಾಕು.

ಭವತು ಸಬ್ಬ ಮಂಗಲಂ 🙏
ನಮೋ ಬುದ್ಧಾಯ, ಜೈ ಭೀಮ್ ☸️